ಗೋಡೆಗೂ ಮದ್ದು ಬಿಟ್ಟೆ

ಈ ಸಲ ಮಳೆ ಬಿಟ್ಟ ಮೇಲೆ ನಮ್ಮ ಮನೆಯ ಉತ್ತರದ ಗೋಡೆ ನೋಡಿ ಮೂರು ಜನ ಕೇಳಿದರು, "ಪೇಂಟ್ ಯಾವಾಗ ಮಾಡಿಸಿದ್ದು?" ಪೇಂಟ್ ಆರು ವರ್ಷ ಹಳೆಯದು. ಪೇಂಟಿನವರು ಅರುವತ್ತು ಸಾವಿರದ ಲೆಕ್ಕ ಕೊಟ್ಟಿದ್ದರು. ನಾನು ಖರ್ಚು ಮಾಡಿದ್ದು ಮೂರೂವರೆ ಸಾವಿರದ ಒಳಗೆ, ಆಳಿನ ಸಂಬಳವೂ ಸೇರಿ.

ಪುತ್ತೂರಿನ ಕಡೆ ವರ್ಷಕ್ಕೆ ಹೆಚ್ಚುಕಡಿಮೆ 4000 ಮಿಲಿಮೀಟರ್ ಮಳೆ. ಜುಲೈಯಲ್ಲಿ ಪಾಚಿ ಹಿಡಿದು ಹಸಿರಾದ ಗೋಡೆ ದೀಪಾವಳಿಗೆ ಮಸಿ ಬಳಿದ ಹಾಗೆ ಕಪ್ಪಾಗುವುದು ನಿಮಗೂ ಗೊತ್ತಿರುವುದೇ. ಅದನ್ನು ಸರಿಯಾಗಿ ತೆಗೆಯಲು ಕಲಿಯುವಷ್ಟರಲ್ಲಿ ನನಗೆ ಮೂರು ವರ್ಷ ಹೋಯಿತು. ಮೂವತ್ತು ಸಾವಿರದ ಹತ್ತಿರ ಕೈಬಿಟ್ಟಿತು.

ಮೊದಲ ವರ್ಷ ಪ್ರೆಷರ್ ವಾಷರ್ ತಂದೆ, ಹನ್ನೊಂದು ಸಾವಿರ. ಸಿಮೆಂಟಿನ ಅಂಗಳ ತೊಳೆದಾಗ ಬಹಳ ಖುಷಿಯಾಯಿತು. ಅದೇ ಖುಷಿಯಲ್ಲಿ ಏಣಿ ಇಟ್ಟು ಹಂಚಿಗೂ ಹೊಡೆದೆ. ನಮ್ಮ ಮಾಡಿನಲ್ಲಿ 1865 ಅಂತ ಅಚ್ಚಿರುವ ಮಂಗಳೂರಿನ ಬಾಸೆಲ್ ಮಿಶನ್ ಕಾರ್ಖಾನೆಯ ಹಂಚು ಇನ್ನೂ ಸುಮಾರು ಉಂಟು. ಪಾಚಿ ಹೋಯಿತು, ಹಂಚು ಕೆಂಪಾಗಿ ಹೊಳೆಯಿತು. ಒಣಗಿದ ಮೇಲೆ ಬೆರಳಿಟ್ಟು ಉಜ್ಜಿದೆ. ಬೆರಳ ತುದಿಗೆ ಕುಂಕುಮದ ಹಾಗೆ ಕೆಂಪು ಹುಡಿ ಅಂಟಿತು. ಹಂಚಿನ ಮೇಲಿನ ನಯವಾದ ಪದರವೇ ಎದ್ದುಹೋಗಿತ್ತು. ಮರುವರ್ಷ ಅದೇ ಹಂಚುಗಳು ಜಾಸ್ತಿ ನೀರು ಕುಡಿದವು, ಪಾಚಿಯೂ ಮೊದಲಿಗಿಂತ ಬೇಗ ಬಂತು. ನಲುವತ್ತು ಹಂಚು ಬದಲಿಸಬೇಕಾಯಿತು. ಆ ಹಳೆಯ ಹಂಚು ಮತ್ತೆ ಎಲ್ಲಿಂದ ತರುವುದು? ಇವತ್ತಿಗೂ ಅದೊಂದು ಬೇಸರ ಉಂಟು.

ಅದಕ್ಕಿಂತ ದೊಡ್ಡ ಪೆಟ್ಟು ಅಟ್ಟದಲ್ಲಿತ್ತು. ಕೆಳಗಿನಿಂದ ಮೇಲಕ್ಕೆ ಹೊಡೆದ ನೀರು ಹಂಚಿನ ಸಂದಿನಲ್ಲಿ ಒಳಗೆ ನುಗ್ಗಿ ಎರಡು ಗೋಣಿ ಚಾಲಿ (ಒಣಗಿಸಿದ ಅಡಿಕೆ) ಒದ್ದೆ ಮಾಡಿತ್ತು. ಗೊತ್ತಾಗುವಾಗ ಬೂಸ್ಟು ಹಿಡಿದಾಗಿತ್ತು. ದರದಲ್ಲಿ ಹತ್ತು ಸಾವಿರಕ್ಕಿಂತ ಹೆಚ್ಚು ಕಡಿತ.

ಎರಡನೆಯ ವರ್ಷ ಆ್ಯಸಿಡ್. ಜಗಲಿಯ ಬದಿಯ ಕೆಂಪುಕಲ್ಲಿನ ಗೋಡೆಗೆ ಹಾಕಿದೆ. ಬುಸ್ಸೆಂದು ನೊರೆ ಬಂತು. ಕೊಳೆ ಹೋಗುತ್ತಾ ಉಂಟು ಅಂತ ತಿಳಿದೆ. ಕರಗುತ್ತಾ ಇದ್ದದ್ದು ಕಲ್ಲಿನ ನಡುವಿನ ಗಾರೆ. ಮೇಸ್ತ್ರಿ ಬಂದು ಸಂದು ತುಂಬಿಸಿ ನಾಲ್ಕು ಸಾವಿರ ತಗೊಂಡು ಹೋದರು.

ಮೂರನೆಯ ವರ್ಷ ಅಡಿಕೆ ತೋಟದಲ್ಲಿ ಮೈಲುತುತ್ತು, ಸುಣ್ಣ ಸೇರಿಸಿದ ಬೋರ್ಡೋ ಮದ್ದು ಬಿಡಿಸುತ್ತಿದ್ದಾಗ ತಲೆಗೆ ಹೊಳೆಯಿತು. ಕೊಳೆರೋಗ ಬಂದ ಗೊನೆಯನ್ನು ಯಾರಾದರೂ ನೀರು ಹೊಡೆದು ತೊಳೆಯುತ್ತಾರಾ? ಮದ್ದು ಬಿಡುತ್ತೇವೆ. ಗೋಡೆಯ ಮೇಲಿರುವುದೂ ಜೀವವೇ ಅಲ್ವಾ? ಅದನ್ನು ಕೊಲ್ಲದೆ ಉಜ್ಜಿದರೆ ಬೇರು ಬಿಟ್ಟು ಹುಲ್ಲು ಸವರಿದ ಹಾಗೆ. ಭಾವನ ಹತ್ತಿರ ಹೇಳಿದೆ. "ಮದ್ದು ಬಿಡ್ಲಿಕ್ಕೆ ಗೋಡೆಯೇನು ಅಡಿಕೆ ಗೊನೆಯಾ ಭಾವ? ಸುಮ್ನೆ ಪೇಂಟ್ ಮಾಡ್ಸಿ" ಅಂದ.

ನಾನು ತಂದದ್ದು ಬ್ಲೀಚಿಂಗ್ ಪೌಡರ್. 20 ಲೀಟರ್ ನೀರಿಗೆ 1 ಕೆಜಿ. ಮೊದಲ ಸಲ ಕಲಕಿ ಹಾಗೆಯೇ ಹೊಡೆದೆ. ನಾಝಲ್ ಕಟ್ಟಿತು, ಗೋಡೆಯ ತುಂಬ ಬಿಳಿ ಹುಡಿ ಕೂತಿತು. ಈಗ ಹಿಂದಿನ ರಾತ್ರಿಯೇ ಗಾಳಿಯಾಡುವ ಕೊಟ್ಟಿಗೆಯಲ್ಲಿ, ನೆರಳಲ್ಲಿ, ಪ್ಲಾಸ್ಟಿಕ್ ಡ್ರಮ್ಮಿನಲ್ಲಿ ಕಲಸಿಡುತ್ತೇನೆ. ಬೆಳಗ್ಗೆ ಸುಣ್ಣವೆಲ್ಲ ಅಡಿಗೆ ಇಳಿದು ಮೇಲೆ ತಿಳಿ ನಿಂತಿರುತ್ತದೆ. ಆ ತಿಳಿಯನ್ನು ಮಾತ್ರ ಬಗ್ಗಿಸಿಕೊಂಡು ಅವತ್ತೇ ಮುಗಿಸಬೇಕು. ನಾಳೆಗೆ ಇಟ್ಟರೆ ಶಕ್ತಿ ಹೋಗುತ್ತದೆ. ತೋಟದ ಹಿತ್ತಾಳೆ ನಾಝಲ್ ಇದಕ್ಕೆ ಹಾಕಬೇಡಿ, ಹಾಳಾಗುತ್ತದೆ. ಬೇರೆಯೇ ಒಂದು ಪ್ಲಾಸ್ಟಿಕ್ ಪಂಪ್ ಇರಲಿ.

ಬಿಸಿಲು ಏರುವ ಮೊದಲು ಬುಡದಿಂದ ಮೇಲಕ್ಕೆ ಬಿಡುತ್ತೇನೆ. ಮೇಲಿನಿಂದ ಶುರು ಮಾಡಿದರೆ ಒಣ ಗೋಡೆಯ ಮೇಲೆ ಇಳಿದ ಗೆರೆಗಳು ಹಾಗೇ ಉಳಿಯುತ್ತವೆ. ಐದು ನಿಮಿಷಕ್ಕೆ ಕಪ್ಪು ಕಂದಾಗುತ್ತದೆ, ಹದಿನೈದು ನಿಮಿಷಕ್ಕೆ ಒಣ ಹುಲ್ಲಿನ ಬಣ್ಣ. ಅದು ಸತ್ತ ಗುರುತು. ಮೊಂಡು ಜಾಗಕ್ಕೆ ಇನ್ನೊಂದು ಸಲ. ಆಮೇಲೆ ಗಿಡಕ್ಕೆ ನೀರು ಬಿಡುವ ಪೈಪೇ ಸಾಕು, ಈ ಸಲ ಮೇಲಿನಿಂದ ಕೆಳಕ್ಕೆ. ಮೂಲೆಗೆ ಮಾತ್ರ ತೆಂಗಿನ ನಾರಿನ ಬ್ರಷ್.

ಮೊದಲ ಸಲ ಹೆಂಡತಿಯ ನಾಲ್ಕು ಮಲ್ಲಿಗೆ ಗಿಡ ಸುಟ್ಟುಹೋದವು. ಈಗ ಗಿಡಕ್ಕೆ ಮೊದಲೇ ಚೆನ್ನಾಗಿ ನೀರು ಹಾಕಿ, ಮೇಲೆ ಟಾರ್ಪಾಲು ಹೊದೆಸುತ್ತೇನೆ. ಮಾಡಿನ ನೀರು ಬಾವಿಗೆ ಹೋಗುವ ಪೈಪನ್ನು ಹೊರಗೆ ತಿರುಗಿಸಲು ಮರೆಯಬೇಡಿ. ಕಣ್ಣಿಗೆ ಕನ್ನಡಕ, ಕೈಗೆ ಗ್ಲೌಸ್. ಇನ್ನೊಂದು, ಆ್ಯಸಿಡ್ ಮುಟ್ಟಿದ ಬಕೆಟ್ ಇದರ ಹತ್ತಿರವೂ ಬರಬಾರದು. ಎರಡೂ ಸೇರಿದರೆ ವಿಷದ ಗಾಳಿ ಏಳುತ್ತದೆ, ಜೀವಕ್ಕೇ ಅಪಾಯ.

ಮದ್ದು ಗೋಡೆಯಲ್ಲಿ ಅಂಟಿ ನಿಲ್ಲಲು ನಾನು ಒಂದು ವಸ್ತು ಸೇರಿಸುತ್ತೇನೆ. ಅದನ್ನು ಇಲ್ಲಿ ಬರೆಯುವುದಿಲ್ಲ, ಮನೆಗೆ ಬಂದವರಿಗೆ ತೋರಿಸುತ್ತೇನೆ. ಅಂಟುವಾಳ ಅಂತೂ ಅಲ್ಲ. ಅದನ್ನೂ ಹಾಕಿ ನೋಡಿದ್ದೆ, ಬ್ಲೀಚಿಂಗಿನ ಶಕ್ತಿಯೆಲ್ಲ ಅಂಟುವಾಳವನ್ನು ಬೆಳ್ಳಗೆ ಮಾಡುವುದರಲ್ಲೇ ಮುಗಿಯಿತು.

ಇದರ ನಡುವೆ ಉಳಿದ ಬೋರ್ಡೋವನ್ನು ಹಿಂದಿನ ಕಂಪೌಂಡಿಗೆ ಹೊಡೆದು ನೋಡಿದೆ. ಎರಡು ಮಳೆಗಾಲ ಅಲ್ಲಿ ಪಾಚಿಯ ಸುದ್ದಿಯೇ ಇಲ್ಲ! ಆದರೆ ಗೋಡೆ ನೀಲಿ ನೀಲಿ. ಅದರ ನೀರು ಇಳಿದ ಕೊಟ್ಟಿಗೆಯ ತಗಡಿಗೆ ತುಕ್ಕು ಹಿಡಿಯಿತು. ಎದುರಿನ ಗೋಡೆಗೆ ಅದು ಆಗದು.

ಹಂಚಿಗೆ ಈಗ ಒಂದೇ ಸಲ ತಿಳಿ ಬಿಡುತ್ತೇನೆ, ಒಣಗಿದ ಮೇಲೆ ಮೆತ್ತಗೆ ಗುಡಿಸುತ್ತೇನೆ. ಪ್ರೆಷರ್ ವಾಷರ್ ಅಂಗಳಕ್ಕೂ ಜೀಪಿಗೂ ಮಾತ್ರ.

ಮಾಡಿನ ನೀರು ಬಿದ್ದು ಸಿಡಿಯುವ ಕಡೆ ಗೋಡೆಯ ಬುಡ ಎರಡು ಅಡಿ ಹಸಿರಾಗುತ್ತಿತ್ತು. ಅಲ್ಲಿ ಉದ್ದಕ್ಕೆ ಜಲ್ಲಿ ಹಾಕಿಸಿದೆ, ಸಿಡಿಯುವುದು ನಿಂತಿತು. ಗೋಡೆಗೆ ಬಾಗಿದ್ದ ಹಲಸಿನ ಗೆಲ್ಲನ್ನೂ ಕಡಿಸಿದೆ. ಈಗ ಅಡುಗೆಮನೆಯ ಕಿಟಕಿಯ ಕೆಳಗೆ ಮಾತ್ರ ಒಂದು ಮೊಳ ಹಸಿರು ಉಳಿದಿದೆ. ಮುಂದಿನ ವಾರ ಅದಕ್ಕೆ ಅರ್ಧ ಪಂಪ್ ಬಿಡಬೇಕು. ಭಾವನೂ ನೋಡಲು ಬರುತ್ತೇನೆ ಅಂದಿದ್ದಾನೆ, ಅವನ ಮನೆಯ ಪಶ್ಚಿಮದ ಗೋಡೆ ಪೂರ್ತಿ ಕಪ್ಪಾಗಿದೆಯಂತೆ.