ಹೊಸಬರ ಕೈಗೆ ಕೊಡುವ ಸಾಫ್ಟ್‌ವೇರ್ ಪಟ್ಟಿ ಮಾಡುವುದು ಹೇಗೆ?

ನಮ್ಮೂರಿನ ಲೈಬ್ರರಿಯಲ್ಲಿ ಆರು ಹಳೆಯ ಕಂಪ್ಯೂಟರ್‌ಗಳಿವೆ. ಆರಕ್ಕೂ ಡೆಬಿಯನ್ ಎಂಬ ಲಿನಕ್ಸ್ ಆಪರೇಟಿಂಗ್ ಸಿಸ್ಟಂ ಹಾಕಿದ್ದೇನೆ. ಶನಿವಾರ ಬಂದವರಿಗೆ ಕೂತು ಹೇಳಿಕೊಡುತ್ತೇನೆ. ಮೊದಲ ವಾರವೇ ನಿವೃತ್ತ ಮೇಷ್ಟ್ರೊಬ್ಬರು ಬಂದು, "ಇದರಲ್ಲಿ ನುಡಿ ಎಲ್ಲಿದೆಯಮ್ಮಾ?" ಎಂದು ಕೇಳಿದರು. ಹುಡುಕುವ ಜಾಗದಲ್ಲಿ ಅವರೇ 'ನುಡಿ' ಎಂದು ಬರೆದು ನೋಡಿದರು. ಏನೂ ಸಿಗಲಿಲ್ಲ. ಅವರಿಗೆ ಬೇಕಾದದ್ದು ಅಲ್ಲೇ ಇತ್ತು, ಆದರೆ ಅದರ ಹೆಸರು ಐಬಸ್-ಎಂ17ಎನ್. ಆ ಹೆಸರು ನೋಡಿ ಇದು ಕನ್ನಡ ಟೈಪ್ ಮಾಡುವುದಕ್ಕೆ ಎಂದು ಯಾರಿಗೆ ಗೊತ್ತಾಗುತ್ತದೆ?

2023ರಲ್ಲಿ ಬಂದ ಡೆಬಿಯನ್ 12ರಲ್ಲಿ 64,419 ಪ್ಯಾಕೇಜ್‌ಗಳಿದ್ದವು (ಹಾಕಿಕೊಳ್ಳಲು ಸಿದ್ಧವಾಗಿ ಕಟ್ಟಿಟ್ಟ ಸಾಫ್ಟ್‌ವೇರ್‌ಗಳು). ನಮ್ಮಲ್ಲಿಗೆ ಬರುವವರಿಗೆ ಬೇಕಾದವು ಮೂವತ್ತೂ ಇಲ್ಲ. ಆ ಮೂವತ್ತನ್ನು ಆರಿಸಿ ಜೋಡಿಸುವುದೇ ಕೆಲಸ.

ಮೊದಲು ಒಂದು ನೋಟ್‌ಬುಕ್ ಇಡಿ. ಎರಡು ವಾರ, ಜನ ಕೇಳಿದ್ದನ್ನು ಅವರ ಮಾತಿನಲ್ಲೇ ಬರೆದುಕೊಳ್ಳಿ. ನನ್ನ ನೋಟ್‌ಬುಕ್ಕಿನಲ್ಲಿ ಬಂದ ಸಾಲುಗಳು ಹೀಗಿದ್ದವು: "ಅರ್ಜಿಗೆ ಫೋಟೊ ಸೈಜ್ ಕಮ್ಮಿ ಮಾಡಬೇಕು", "ಸಂಘದ ಲೆಕ್ಕ ಬರೀಬೇಕು", "ಪುಸ್ತಕದ ಪುಟದ ಫೋಟೊದಿಂದ ಅಕ್ಷರ ತೆಗೀಬೇಕು". ಇವೇ ನಿಮ್ಮ ಪಟ್ಟಿಯ ತಲೆಬರಹಗಳು. 'ಗ್ರಾಫಿಕ್ಸ್', 'ಯುಟಿಲಿಟಿ' ಎಂಬ ವಿಭಾಗಗಳನ್ನು ಇಲ್ಲಿಗೆ ತರಬೇಡಿ. ಫೋಟೊ ಸಾಲಿಗೆ ಗಿಂಪ್, ಲೆಕ್ಕಕ್ಕೆ ಲಿಬ್ರೆಆಫೀಸ್ ಕ್ಯಾಲ್ಕ್, ಪುಟ ಓದಲು ಟೆಸರಾಕ್ಟ್ ಜೊತೆಗೆ ಅದರ ಕನ್ನಡ ಕಡತ. ಒಂದೇ ಸಾಫ್ಟ್‌ವೇರ್ ಎರಡು ಕಡೆ ಬಂದರೂ ಪರವಾಗಿಲ್ಲ, ಬರಲಿ.

ಈಗಾಗಲೇ ಏನೇನು ಹಾಕಿದ್ದೀರಿ ಎಂದು ತಿಳಿಯಲು ಟರ್ಮಿನಲ್‌ನಲ್ಲಿ (ಕಮಾಂಡ್ ಟೈಪ್ ಮಾಡುವ ಕಿಟಕಿ) 'ಆಪ್ಟ್-ಮಾರ್ಕ್ ಶೋಮ್ಯಾನ್ಯುಯಲ್' (apt-mark showmanual) ಕಮಾಂಡ್ ಕೊಡಿ. ಬೇರೊಂದು ಸಾಫ್ಟ್‌ವೇರ್ ನಡೆಯಲು ಬೇಕೆಂದು (ಅವಲಂಬನೆಯಾಗಿ) ತಾನಾಗಿಯೇ ಬಂದವನ್ನು ಅದು ಬಿಟ್ಟು ತೋರಿಸುತ್ತದೆ. ಹೆಸರು 'ಲಿಬ್' ಎಂದು ಶುರುವಾದರೆ ಅದು ಸಾಮಾನ್ಯವಾಗಿ ಬೇರೆ ಪ್ರೋಗ್ರಾಂಗಳು ಒಳಗಿಂದ ಬಳಸುವ ಕೋಡ್ ಸಂಗ್ರಹ (ಲೈಬ್ರರಿ). ಪಟ್ಟಿಗೆ ಬೇಡ. (ಲಿಬ್ರೆಆಫೀಸ್ ಮಾತ್ರ ಹಾಗಲ್ಲ, ಅದನ್ನು ಹೊಡೆದು ಹಾಕಬೇಡಿ.)

ಒಂದು ಕೆಲಸಕ್ಕೆ ಒಂದೇ ಹೆಸರು ಕೊಡಿ. ಇದಕ್ಕೆ ಗೆಳೆಯರು ಜಗಳ ಆಡುತ್ತಾರೆ. ವಿಡಿಯೊ ನೋಡಲು ವಿಎಲ್‌ಸಿ ಇದೆ, ಎಂಪಿವಿ ಇದೆ, ಟೋಟಮ್ ಇದೆ, ಎಲ್ಲವೂ ಚೆನ್ನಾಗಿಯೇ ಇವೆ. ಆದರೆ ಮೊದಲ ದಿನ ಬಂದವರಿಗೆ ಮೂರರಲ್ಲಿ ಯಾವುದು ಎಂದು ಆರಿಸುವುದೇ ಒಂದು ಭಾರ, ಅಲ್ವಾ? ನಾನು ವಿಎಲ್‌ಸಿ ಒಂದನ್ನೇ ಬರೆದಿದ್ದೇನೆ.

ಪ್ರತಿ ಸಾಲಿನಲ್ಲೂ ಮೂರು ಮಾಹಿತಿ ಇರಲಿ: ಯಾವ ಕೆಲಸಕ್ಕೆ, ಮೆನುವಿನಲ್ಲಿ ಕಾಣುವ ಹೆಸರು, ಪ್ಯಾಕೇಜಿನ ಹೆಸರು. ಕೊನೆಯ ಎರಡು ಎಷ್ಟೋ ಸಲ ಹೊಂದುವುದಿಲ್ಲ. ಎವಿನ್ಸ್ ಎಂಬ ಪ್ಯಾಕೇಜ್ ಮೆನುವಿನಲ್ಲಿ 'ಡಾಕ್ಯುಮೆಂಟ್ ವ್ಯೂವರ್' ಆಗಿರುತ್ತದೆ. ವಿವರಣೆ ಚಿಕ್ಕದಾಗಿರಲಿ. ಡೆಬಿಯನ್ನಿನವರೇ ಪ್ಯಾಕೇಜಿನ ಕಿರು ವಿವರಣೆ 80 ಅಕ್ಷರದೊಳಗೆ ಇರಬೇಕು, ಅದರಲ್ಲಿ ಪ್ಯಾಕೇಜಿನ ಹೆಸರು ಮತ್ತೆ ಬರಬಾರದು ಎನ್ನುತ್ತಾರೆ. ಒಳ್ಳೆಯ ಅಳತೆ.

ಕನ್ನಡದ ಸಾಲಿಗೆ ನಾನು ಜಾಸ್ತಿ ಸಮಯ ಕೊಟ್ಟೆ. ಟೈಪ್ ಮಾಡುವ ವಿಧಾನ ಒಂದು ಪ್ಯಾಕೇಜ್, ಫಾಂಟ್ ಇನ್ನೊಂದು, ಲಿಬ್ರೆಆಫೀಸಿನ ಕನ್ನಡ ಮೆನು ಮತ್ತೊಂದು. ಹೊಸಬರಿಗೆ ಇವೆಲ್ಲ ಸೇರಿ ಒಂದೇ ಕೆಲಸ. ಹಾಗಾಗಿ 'ಕನ್ನಡದಲ್ಲಿ ಬರೆಯಲು (ನುಡಿ ಕೀಲಿಮಣೆ)' ಎಂದು ತಲೆಬರಹ ಕೊಟ್ಟು ಮೂರನ್ನೂ ಒಟ್ಟಿಗೆ ಇಟ್ಟೆ. ಫಾಂಟ್‌ಗೆ ಫಾಂಟ್ಸ್-ಕೆಎನ್‌ಡಿಎ ಹಾಕಿದರೆ ಗುಬ್ಬಿ, ನವಿಲು ಎಂಬ ಎರಡೂ ಫಾಂಟ್ ಬರುತ್ತವೆ. ಕೆಳಗೆ ಇನ್ನೊಂದು ಸಾಲು: "ಹಾಕಿದ ಮೇಲೆ ಲಾಗ್ ಔಟ್ ಆಗಿ ಮತ್ತೆ ಬನ್ನಿ. ಸೆಟ್ಟಿಂಗ್ಸ್‌ನಲ್ಲಿ ಕನ್ನಡ, ಕೆಜಿಪಿ (ನುಡಿ ಕೀಲಿಮಣೆ) ಆರಿಸಿ." ಈ ಸಾಲು ಇಲ್ಲದಿದ್ದರೆ ಪ್ಯಾಕೇಜ್ ಹಾಕಿಯೂ ಕನ್ನಡ ಮೂಡದೆ ಜನ ಬೇಸರಪಟ್ಟು ಎದ್ದು ಹೋಗುತ್ತಾರೆ.

ಹಲವು ಕಂಪ್ಯೂಟರ್ ಇದ್ದರೆ ಈಕ್ವಿವ್ಸ್ (equivs) ಎಂಬ ಉಪಕರಣ ಬಳಸಿ. ನಿಮ್ಮ ಪಟ್ಟಿಯ ಹೆಸರುಗಳನ್ನು ಅವಲಂಬನೆಗಳಾಗಿ ಬರೆದರೆ ಅದು ಒಂದು ಪುಟ್ಟ ಪ್ಯಾಕೇಜ್ ಮಾಡಿಕೊಡುತ್ತದೆ. ಅದೊಂದನ್ನು ಆಪ್ಟ್ (ಡೆಬಿಯನ್ನಿನಲ್ಲಿ ಪ್ಯಾಕೇಜ್ ಹಾಕುವ ಕಮಾಂಡ್) ಮೂಲಕ ಹಾಕಿದರೆ ಉಳಿದದ್ದೆಲ್ಲ ಬರುತ್ತದೆ.

ಪಟ್ಟಿ ಮುಗಿದ ಮೇಲೆ ಹೊಸಬರೊಬ್ಬರ ಕೈಗೆ ಕೊಟ್ಟು, ಪಕ್ಕದಲ್ಲಿ ಸುಮ್ನೆ ಕೂತು ನೋಡಿ. ಎಲ್ಲಿ ಬೆರಳು ನಿಲ್ಲುತ್ತದೋ ಆ ಸಾಲನ್ನು ಬದಲಿಸಿ. ನಮ್ಮ ಮೇಷ್ಟ್ರ ಬೆರಳು 'ಕಡತ' ಎಂಬ ಪದದ ಹತ್ತಿರ ನಿಂತಿತು. "ಫೈಲ್ ಅಂತಲೇ ಬರಿಯಮ್ಮಾ" ಅಂದರು. ಹಾಗೇ ಬರೆದೆ. ಮೂಲೆಯಲ್ಲಿ ತಾರೀಕು ಹಾಕಿ, ಕೀಬೋರ್ಡಿನ ಪಕ್ಕ ಅಂಟಿಸಿದೆ.