ಹಳೆ ಲ್ಯಾಪ್‌ಟಾಪಿನಿಂದ ಟಿವಿಗೆ ಹಾಡು, ವಿಡಿಯೊ

ಮನೆಯಲ್ಲಿ ಹಳೆ ಲ್ಯಾಪ್‌ಟಾಪ್ ಸುಮ್ನೆ ಬಿದ್ದಿದೆಯಾ? ಅದಕ್ಕೆ ಜೆಲ್ಲಿಫಿನ್ ಹಾಕಿ. ಒಂದು ಕಂಪ್ಯೂಟರಿನಲ್ಲಿರುವ ಹಾಡು, ವಿಡಿಯೊಗಳನ್ನು ಮನೆಯ ಬೇರೆ ಸಾಧನಗಳಿಗೆ ಕಳಿಸುವ ಸಾಫ್ಟ್‌ವೇರ್ ಅದು. ಪೂರ್ತಿ ಉಚಿತ. ನಿಮ್ಮ ಹಾಡು, ಮದುವೆ ವಿಡಿಯೊ ಎಲ್ಲ ಟಿವಿಯಲ್ಲೂ ಮೊಬೈಲಿನಲ್ಲೂ ಸಿಗುತ್ತವೆ. ಒಮ್ಮೆ ಸಿದ್ಧವಾದ ಮೇಲೆ ಇಂಟರ್ನೆಟ್ ಹೋದರೂ ಮನೆಯೊಳಗೆ ನಡೆಯುತ್ತದೆ.

ವಿಡಿಯೊ ತಡೆದು ತಡೆದು ಬಂದರೆ ದಯವಿಟ್ಟು ದುಬಾರಿ ಇಂಟರ್ನೆಟ್ ಪ್ಲಾನ್ ತಗೊಳ್ಳಬೇಡಿ. ಫೈಲ್ ಮನೆಯಲ್ಲೇ ಇದೆ ಅಲ್ವಾ, ಪ್ಲಾನಿನ ವೇಗಕ್ಕೂ ಇದಕ್ಕೂ ಸಂಬಂಧವಿಲ್ಲ. ಲ್ಯಾಪ್‌ಟಾಪನ್ನು ಕೇಬಲ್ ಹಾಕಿ ರೂಟರಿಗೆ ಜೋಡಿಸಿ. ಟಿವಿ ವೈಫೈಯಲ್ಲಿದ್ದರೆ ರೂಟರಿನ 5 ಗಿಗಾಹರ್ಟ್ಸ್ ವೈಫೈ ಆರಿಸಿ. ಅದಕ್ಕೆ ವೇಗ ಜಾಸ್ತಿ, ಆದರೆ ಗೋಡೆ ದಾಟಿದರೆ ಬೇಗ ಕುಗ್ಗುತ್ತದೆ. ಕಲ್ಲಿನ ಗೋಡೆಯ ಹಳೆ ಮನೆಗಳಲ್ಲಿ ಟಿವಿಗೂ ಕೇಬಲ್ ಎಳೆಯುವುದೇ ವಾಸಿ.

ಟಿವಿಗೆ ಲ್ಯಾಪ್‌ಟಾಪ್ ಕಾಣದಿದ್ದರೆ ಕೇಬಲ್ ಆಗಲಿ ವೈಫೈ ಆಗಲಿ, ಎರಡೂ ಒಂದೇ ರೂಟರಿಗೆ ಸೇರಿವೆಯಾ ನೋಡಿ. ಗೆಸ್ಟ್ ವೈಫೈ, ಅಂದರೆ ಅತಿಥಿಗಳಿಗೆಂದು ಇರುವ ಬೇರೆ ವೈಫೈ, ಸಾಮಾನ್ಯವಾಗಿ ಇದಕ್ಕೆ ಬಿಡುವುದಿಲ್ಲ. ಮುಚ್ಚಳ ಮುಚ್ಚಿದಾಗ ಲ್ಯಾಪ್‌ಟಾಪ್ ಸ್ಲೀಪ್ ಆಗದಂತೆ ಸೆಟ್ಟಿಂಗ್ ಬದಲಿಸಿ.