ಕೈ ತಡೆದಾಗ

ಚಿತ್ರ ಬರೆಯುತ್ತೇನೆ ಅಂತ ಗೊತ್ತಾದ ಕೂಡಲೇ ಜನ ಕೇಳುವುದು 'ಇದೆಲ್ಲ ನಿಮಗೆ ಹೇಗೆ ಹೊಳೆಯುತ್ತೆ?' ಎಂದು. ನನಗೆ ಹೊಳೆಯುವುದು ಕಡಿಮೆ. ಖಾಲಿ ಕ್ಯಾನ್ವಾಸ್ ಮುಂದೆ ನಿಂತಾಗ ನನ್ನ ಒಳಮನಸ್ಸು ಬಾಯಿ ಬಿಡುವುದೇ ಇಲ್ಲ. ಅದು ಮಾತು ಶುರುಮಾಡುವುದು ಕೆಲಸ ಅರ್ಧ ಆದ ಮೇಲೆ, ಅದೂ 'ಬೇಡ' ಅನ್ನುವುದಕ್ಕೆ. ಏನು ಮಾಡಬೇಕು ಅಂತ ಹೇಳಿದ್ದು ಅಪರೂಪ, ಯಾವುದು ಕೂತಿಲ್ಲ ಅಂತ ಹೇಳಿದ್ದೇ ಜಾಸ್ತಿ.

ಹಾಗಾಗಿ ಆರಂಭವನ್ನು ನಾನು ಅದರ ಪಾಲಿಗೆ ಬಿಡುವುದಿಲ್ಲ. ನನ್ನ ಮಾಧ್ಯಮ ತೈಲವರ್ಣ. ಬರ್ಂಟ್ ಅಂಬರ್ ಅನ್ನುವ ಕಡುಗಂದು ಬಣ್ಣವನ್ನು ಟರ್ಪೆಂಟೈನ್‌ನಲ್ಲಿ ತೆಳುಮಾಡಿ ಇಡೀ ಕ್ಯಾನ್ವಾಸಿಗೆ ಬಳಿದು ಬಟ್ಟೆಯಿಂದ ಒರೆಸುತ್ತೇನೆ. ಅಚ್ಚ ಬಿಳಿಯ ಮೇಲೆ ಯಾವ ಬಣ್ಣ ಇಟ್ಟರೂ ಇರುವುದಕ್ಕಿಂತ ಗಾಢವಾಗಿ ಕಾಣುತ್ತದೆ. ತಿಳಿಗಂದು ತಳ ಸಿಕ್ಕರೆ ಬೆಳಕು, ನೆರಳು ಎರಡನ್ನೂ ಮೊದಲ ಗೀಟಿನಿಂದಲೇ ಅಳೆಯಬಹುದು. ಕೆಳಗಿನ ಪದರಕ್ಕೆ ಎಣ್ಣೆ ಕಡಿಮೆ, ಮೇಲಿನದಕ್ಕೆ ಹೆಚ್ಚು. ತೈಲವರ್ಣದಲ್ಲಿರುವ ಅಗಸೆ ಎಣ್ಣೆ ಗಾಳಿಯ ಆಮ್ಲಜನಕ ಹೀರಿ ಗಟ್ಟಿಯಾಗುವಂಥದ್ದು. ಎಣ್ಣೆ ಜಾಸ್ತಿಯಿರುವ ಪದರ ನಿಧಾನವಾಗಿ ಒಣಗುತ್ತದೆ, ಅದು ಅಡಿಗೆ ಹೋದರೆ ಮೇಲಿನದು ಬಿರುಕು ಬಿಡುತ್ತದೆ. ಈ ವಿಷಯದಲ್ಲಿ ಸ್ಫೂರ್ತಿಯ ಆಟ ನಡೆಯುವುದಿಲ್ಲ.

ಇತ್ತೀಚಿನ ಒಂದು ಚಿತ್ರದ ಮಾತು ಹೇಳುತ್ತೇನೆ. ಕಿಟಕಿ ಬೆಳಕಿನಲ್ಲಿ ಒಂದು ಮೇಜು, ಅದರ ಮೇಲೆ ಮಡಿಸಿಟ್ಟ ನೀಲಿ ಬಟ್ಟೆ. ಬಟ್ಟೆ ಸೊಗಸಾಗಿ ಬಂದಿತ್ತು. ಅಲ್ಟ್ರಾಮರೀನ್ ನೀಲಿಗೆ ಚೂರು ಅಂಬರ್ ಬೆರೆಸಿ ಮಡಿಕೆಗಳ ನೆರಳು ಹಾಕಿದ್ದೆ, ನೋಡಿದವರೂ ಅದನ್ನೇ ಹೊಗಳಿದ್ದರು. ಆದರೆ ಹಿಂದಿನ ಗೋಡೆಗೆ ಹೋದಾಗಲೆಲ್ಲ ಕೈ ತಡೆಯುತ್ತಿತ್ತು. ಬೂದು ಬೆರೆಸುವುದು, ಬ್ರಶ್ಶನ್ನು ಕ್ಯಾನ್ವಾಸಿನ ಹತ್ತಿರ ಒಯ್ಯುವುದು, ಮುಟ್ಟಿಸದೆ ವಾಪಸು ಬರುವುದು. ಆ ಬೂದು ಬಣ್ಣಕ್ಕೆ ಓಕರ್ ಅನ್ನುವ ಮಣ್ಣುಹಳದಿ ಸೇರಿಸಿ ನೋಡಿದೆ, ನೀಲಿ ಸೇರಿಸಿ ನೋಡಿದೆ. ಕಿರಿಕಿರಿ ಹೋಗಲಿಲ್ಲ. ಕೊನೆಗೆ ಬೂದು ಕಾಗದದ ತುಂಡೊಂದನ್ನು ಹರಿದು ಆ ಬಟ್ಟೆಗೆ ಅಡ್ಡ ಹಿಡಿದೆ. ಗೋಡೆ ತನ್ನಷ್ಟಕ್ಕೆ ಸರಿಹೋಯಿತು! ಆ ಕಡುನೀಲಿ ಪಕ್ಕದಲ್ಲಿರುವಷ್ಟು ಹೊತ್ತು ಯಾವ ಬೂದು ಹಾಕಿದರೂ ಅದು ಕಿತ್ತಳೆಯ ಕಡೆಗೆ ವಾಲುತ್ತಿತ್ತು.

ಅಕ್ಕಪಕ್ಕದ ಬಣ್ಣಗಳು ಒಂದನ್ನೊಂದು ಹೀಗೆ ಬದಲಾಯಿಸುವುದನ್ನು ಫ್ರಾನ್ಸಿನ ರಸಾಯನವಿಜ್ಞಾನಿ ಶೆವ್ರಲ್ 1839ರಲ್ಲೇ ಪುಸ್ತಕ ಬರೆದು ವಿವರಿಸಿದ್ದ. ನನಗೂ ಆ ನಿಯಮ ಗೊತ್ತಿತ್ತು. ಆದರೆ ಅದು ತಲೆಗೆ ಬರುವುದಕ್ಕೂ ಮುಂಚೆ ಕೈ ನಿಂತಿತ್ತು. ಬಣ್ಣ ಬೆರೆಸುವ ಚೂರಿ, ಪ್ಯಾಲೆಟ್ ನೈಫ್ ತೆಗೆದುಕೊಂಡು ಚಿತ್ರದಲ್ಲಿದ್ದ ನೀಲಿ ಬಟ್ಟೆಯನ್ನು ಕೆರೆದೆ. ಬಣ್ಣ ಇನ್ನೂ ಹಸಿಯಿದ್ದರಿಂದ ಸಲೀಸಾಗಿ ಬಂತು, ಕ್ಯಾನ್ವಾಸಿನ ಎಳೆಗಳ ಸಂದಿಯಲ್ಲಿ ಮಾತ್ರ ಒಂದಿಷ್ಟು ನೀಲಿ ಉಳಿಯಿತು. ಚಿತ್ರಕ್ಕೆ ಬೇಕಾಗಿದ್ದದ್ದು ಅಷ್ಟೇ ನೀಲಿ.

ಇದನ್ನು ದೈವದತ್ತ ಅನ್ನುವವರ ಬಗ್ಗೆ ನನಗೆ ತಕರಾರಿದೆ. ನೋಡಿ ನೋಡಿ, ಬೆರೆಸಿ ಬೆರೆಸಿ ಕಣ್ಣಿನಲ್ಲಿ ಸೇರಿಕೊಂಡದ್ದು ಮಾತಿಗಿಂತ ಮೊದಲು ಕೆಲಸ ಮಾಡುತ್ತದೆ, ನನಗೆ ಕಂಡ ಮಟ್ಟಿಗೆ ಅಷ್ಟೇ. ಕಷ್ಟ ಇರುವುದು ಬೇರೆ ಕಡೆ. ರೂಢಿಯೂ ಮಾತಿಲ್ಲದೆಯೇ ಬರುತ್ತದೆ. ಮೇಲಿನ ಬಲಮೂಲೆಯನ್ನು ಕಪ್ಪಾಗಿಸಬೇಕು ಅಂತ ನನಗೆ ಪ್ರತಿ ಚಿತ್ರದಲ್ಲೂ 'ಅನಿಸುತ್ತದೆ'. ಅದನ್ನು ಅಂತಃಪ್ರಜ್ಞೆ ಅಂತ ಕರೆದರೆ ಕೈಚಟಕ್ಕೆ ಕಿರೀಟ ತೊಡಿಸಿದಂತೆ. ನಾನು ಇಟ್ಟುಕೊಂಡಿರುವ ಒರಟು ಅಳತೆಗೋಲು ಇದು: ರೂಢಿ ಹೇಳಿದ್ದನ್ನು ಮಾಡುವುದು ಸುಲಭ, ಮಾಡುವಾಗ ಖುಷಿಯೂ ಆಗುತ್ತದೆ. ಒಳಮನಸ್ಸು ಹೇಳುವುದು ಸಾಮಾನ್ಯವಾಗಿ ನಾನು ಮೆಚ್ಚಿಕೊಂಡ ಭಾಗದ ಬುಡಕ್ಕೇ ಬರುತ್ತದೆ. ಇನ್ನು ಸುಸ್ತಾದಾಗ ಬರುವ 'ಸಾಕು, ಮುಗೀತು' ಅನ್ನುವ ದನಿ. ಅದನ್ನು ಆ ಸಂಜೆ ನಂಬುವುದಿಲ್ಲ.

ಅನುಮಾನ ಬಂದರೆ ಚಿತ್ರವನ್ನು ಕನ್ನಡಿಯಲ್ಲಿ ನೋಡುತ್ತೇನೆ. ಲಿಯೊನಾರ್ಡೊ ಡ ವಿಂಚಿ ತನ್ನ ಟಿಪ್ಪಣಿಗಳಲ್ಲಿ ಕೊಟ್ಟ ಸಲಹೆ ಇದು, ಈಗಲೂ ಇದಕ್ಕಿಂತ ಅಗ್ಗದ ಉಪಾಯ ಇಲ್ಲ. ಎಡಬಲ ಅದಲುಬದಲಾದಾಗ ಕಣ್ಣಿಗೆ ಅಭ್ಯಾಸವಾಗಿಹೋದ ಓರೆಗಳು ಎದ್ದು ಕಾಣುತ್ತವೆ. ಅದಕ್ಕೂ ಬಗ್ಗದಿದ್ದರೆ ಚಿತ್ರವನ್ನು ಗೋಡೆಗೆ ಮುಖಮಾಡಿಸಿ ಇಟ್ಟುಬಿಡುತ್ತೇನೆ.

ಈ ಕಾಯುವಿಕೆಗೆ ನನಗೆ ಧೈರ್ಯ ಕೊಟ್ಟದ್ದು ಫ್ರಾನ್ಸಿನ ಚಿತ್ರಕಾರ ಮತೀಸ್ 1911ರಲ್ಲಿ ಬರೆದ 'ದಿ ರೆಡ್ ಸ್ಟುಡಿಯೋ'. ಇಡೀ ಕೋಣೆ ಕೆಂಪು. ಆದರೆ ಅದು ಕೆಂಪಾಗಿ ಹುಟ್ಟಿದ್ದಲ್ಲ: ಮೊದಲು ಗೋಡೆ ನೀಲಿ, ನೆಲ ಗುಲಾಬಿ, ಮೇಜು ಕುರ್ಚಿಗಳು ಓಕರ್ ಬಣ್ಣದಲ್ಲಿದ್ದವು. ಅವುಗಳ ಮೇಲೆ ಕೆಂಪು ಬಂದದ್ದು ಆಮೇಲೆ. ಮೇಜು ಕುರ್ಚಿಗಳ ಅಂಚಿನ ತೆಳುಗೆರೆಗಳನ್ನು ಆತ ಎಳೆಯಲೇ ಇಲ್ಲ. ಕೆಂಪು ಬಳಿಯುವಾಗ ಬಿಟ್ಟ ಸಂದಿಗಳು ಅವು, ಅಲ್ಲಿ ಇಣುಕುವುದು ಅಡಿಯ ಬಣ್ಣ. ಕೆಂಪು ಮೊದಲೇ ಹೊಳೆದಿದ್ದರೆ ಆ ಗೆರೆಗಳು ಇರುತ್ತಲೇ ಇರಲಿಲ್ಲ.

ಚಿತ್ರ ಮುಗಿದಿದೆ ಅಂತ ಒಳಮನಸ್ಸು ಘೋಷಿಸಿದ್ದು ನನಗೆ ನೆನಪಿಲ್ಲ. 'ಬೇಡ' ಅನ್ನುವುದನ್ನು ಅದು ನಿಲ್ಲಿಸುತ್ತದೆ, ಅಲ್ಲಿಗೆ ನಾನೂ ಬ್ರಶ್ ತೊಳೆಯುತ್ತೇನೆ. ಸಹಿಯನ್ನು ಮಾತ್ರ ತಕ್ಷಣ ಹಾಕುವುದಿಲ್ಲ. ಸಹಿಯೂ ಒಂದು ಬಣ್ಣವೇ, ಮೂಲೆಯ ತೂಕ ಬದಲಿಸುತ್ತದೆ. ನೀಲಿ ಬಟ್ಟೆಯ ಚಿತ್ರದಲ್ಲಿ ಅದಕ್ಕೆ ಮುಂಬದಿಯಲ್ಲಿ ಎಲ್ಲೂ ಜಾಗ ಸಿಗಲಿಲ್ಲ, ಹಿಂಬದಿಯಲ್ಲಿ ಹಾಕಿದ್ದೇನೆ.